ಎದುರಾಳಿಯ ಮುಖ

ಕಚೇರಿಯ ಊಟದ ಬಿಡುವಿನಲ್ಲಿ, ಟ್ಯೂಷನ್ ಮುಗಿಸಿ ಬಂದ ಮಕ್ಕಳ ಕೋಣೆಯಲ್ಲಿ, ಮೆಟ್ರೋದಲ್ಲಿ ನಿಂತವರ ಅಂಗೈಯಲ್ಲಿ ಬಣ್ಣಬಣ್ಣದ ಹಾವುಗಳು ಹರಿದಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅಮೆರಿಕದ ಸ್ಟೀವ್ ಹೌಸ್ ಎಂಬವರು 2016ರಲ್ಲಿ ಹೊರತಂದ ಸ್ಲಿದರ್ ಡಾಟ್ ಐಓ ಎಂಬ ಆಟವಿದು. ಅದರ ಹಿಂದಿನ ವರ್ಷವಷ್ಟೇ ಬಂದಿದ್ದ ಅಗಾರ್ ಡಾಟ್ ಐಓ ಇದಕ್ಕೆ ಪ್ರೇರಣೆ. ಬ್ರೌಸರ್ ತೆರೆದು, ಒಂದು ಅಡ್ಡಹೆಸರು ಬರೆದು, ಗುಂಡಿ ಒತ್ತಿದರೆ ಸಾಕು. ನೂರಾರು ಅಪರಿಚಿತರ ನಡುವೆ ನೀವೂ ಒಂದು ಹಾವಾಗುತ್ತೀರಿ. ಇದನ್ನು ಕಾಲಹರಣವೆಂದು ಜರೆಯುವುದು ಹಿರಿಯರ ರೂಢಿ. ಆ ಆಕ್ಷೇಪ ನನ್ನದಲ್ಲ. ಕಾಲಹರಣಕ್ಕೆಂದೇ ಆಟ ಹುಟ್ಟಿತು. ನನ್ನ ಆಕ್ಷೇಪವಿರುವುದು ಬೇರೆಡೆ. ಅದಕ್ಕೆ ಮೊದಲು ಆಟದ ಗುಣವನ್ನು ಒಪ್ಪಿಕೊಳ್ಳಬೇಕು.

ನಿಯಮ ಬಹಳ ಸರಳ. ಚೆಲ್ಲಿರುವ ಬೆಳಕಿನ ಕಾಳುಗಳನ್ನು ತಿಂದಷ್ಟೂ ಹಾವು ಬೆಳೆಯುತ್ತದೆ. ತಲೆಯು ಇನ್ನೊಂದು ಹಾವಿನ ಮೈಗೆ ತಗುಲಿದರೆ ಸಾವು. ಅಂಗೈಯಗಲದ ಹಾವಿಗೂ, ಪರದೆಯನ್ನೆಲ್ಲ ಬಳಸಿ ನಿಂತ ಹಾವಿಗೂ ಇದೊಂದೇ ಕಟ್ಟಳೆ. ಎಷ್ಟು ಉದ್ದ ಬೆಳೆದರೂ ತಲೆಗೆ ರಕ್ಷಣೆಯಿಲ್ಲ. ನಿಮಿಷದ ಹಿಂದೆ ಹುಟ್ಟಿದ ಮರಿಯೊಂದು ಅಡ್ಡ ಹಾಯ್ದು ಮಹಾಸರ್ಪವನ್ನು ಕೆಡವಬಲ್ಲದು. ವೇಗ ಬೇಕೆಂದರೆ ಮೈಯ ಒಂದಂಶವನ್ನೇ ಉದುರಿಸಿ ತೆರಬೇಕು. ಸತ್ತ ಹಾವಿನ ದೇಹವೆಲ್ಲ ಕಾಳಾಗಿ ಚೆಲ್ಲುತ್ತದೆ. ಸುತ್ತಲಿನವರು ಅದಕ್ಕೆ ಮುಗಿಬೀಳುತ್ತಾರೆ. ಮುಗಿಬಿದ್ದವರಲ್ಲಿ ಕೆಲವರು ಅಲ್ಲಿಯೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಸಾಯುತ್ತಾರೆ. ಲೋಭದ ಫಲವನ್ನು ಇಷ್ಟು ಚುಟುಕಾಗಿ, ಉಪದೇಶದ ಸೋಂಕಿಲ್ಲದೆ ತೋರಿಸುವ ಆಟಗಳು ಹೆಚ್ಚಿಲ್ಲ.

ಆದರೂ ಈ ಆಟದಲ್ಲಿ ಏನೋ ಕಳೆದುಹೋಗಿದೆ. ಏನೆಂಬುದು ಹಾವಿನ ಆಟದ ವಂಶಾವಳಿಯನ್ನು ನೋಡಿದರೆ ತಿಳಿಯುತ್ತದೆ. ಇದರ ಮೂಲಪುರುಷನೆನ್ನಬಹುದಾದ ಬ್ಲಾಕೇಡ್ ಎಂಬ ಆಟವನ್ನು ಅಮೆರಿಕದ ಗ್ರೆಮ್ಲಿನ್ ಕಂಪನಿ 1976ರಲ್ಲಿ ಹೊರತಂದಿತು. ಅದು ಇಬ್ಬರ ಆಟ. ಒಂದೇ ಯಂತ್ರದ ಮುಂದೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತು, ಒಬ್ಬರ ದಾರಿಗೆ ಇನ್ನೊಬ್ಬರು ಗೋಡೆ ಕಟ್ಟುತ್ತ ಆಡಬೇಕಿತ್ತು. 1997ರಲ್ಲಿ ಫಿನ್ಲೆಂಡಿನ ತನೇಲಿ ಅರ್ಮಾಂಟೊ ನೋಕಿಯಾ 6110 ಫೋನಿಗಾಗಿ ರೂಪಿಸಿದ ಹಾವು ಮುಖ್ಯವಾಗಿ ಒಂಟಿಯ ಆಟವಾಯಿತು. ಅಲ್ಲಿ ಶತ್ರು ಬೇರೆ ಯಾರೂ ಅಲ್ಲ, ಬೆಳೆದ ತನ್ನದೇ ಬಾಲ. ಆ ಫೋನಿನಲ್ಲಿಯೂ ಇಬ್ಬರು ಆಡುವ ಅನುಕೂಲವಿತ್ತು, ಆದರೆ ಅದಕ್ಕೆ ಎರಡು ಫೋನುಗಳನ್ನು ಅವಗೆಂಪು ಕಿರಣ ತಲುಪುವಷ್ಟು ಹತ್ತಿರ ಎದುರುಬದುರಾಗಿ ಹಿಡಿಯಬೇಕಿತ್ತು. ಎಂದರೆ ಜೊತೆಗಾರ ಬೇಕೆಂದರೆ ಅವನ ಬಳಿ ಹೋಗಿ ಕೂರಲೇಬೇಕು. 2016ರ ಹಾವಿಗೆ ಈ ಕಟ್ಟು ಇಲ್ಲ. ಬಾಲವನ್ನು ದಾಟಿದರೂ ಈಗ ಸಾವಿಲ್ಲ; ಕೊಲ್ಲುವವನು ಯಾವಾಗಲೂ ಬೇರೊಬ್ಬನೇ. ಆದರೆ ಆ ಬೇರೊಬ್ಬನಿಗೆ ಮುಖವಿಲ್ಲ. ಇಬ್ಬರಿಂದ ಒಬ್ಬನಾಗಿ, ಒಬ್ಬನಿಂದ ನೂರಾರಾಗಿ ಆಟ ಬೆಳೆಯಿತು. ಆಡುವವನು ಮಾತ್ರ ಒಂಟಿಯಾಗಿಯೇ ಉಳಿದ.

ಮುಖವಿಲ್ಲದಿದ್ದರೆ ಏನಾಯಿತು ಎಂದು ಕೇಳಬಹುದು. ನಮ್ಮ ಚೌಕಾಬಾರವನ್ನು ನೆನೆದುಕೊಳ್ಳಿ. ಅಲ್ಲಿಯೂ ಕಾಯಿ ಹೊಡೆಯುವುದುಂಟು, ಅಲ್ಲಿಯೂ ಕರುಣೆಗೆ ಜಾಗ ಕಡಿಮೆ. ಇನ್ನೇನು ಹಣ್ಣಾಗಬೇಕಿದ್ದ ಕಾಯಿ ಮರಳಿ ಮೊದಲ ಮನೆಗೆ ಹೋಗುತ್ತದೆ. ಆದರೆ ಹೊಡೆದವಳು ಹೊಡೆಸಿಕೊಂಡವಳ ಮುಖವನ್ನು ನೋಡಲೇಬೇಕು. ಅತ್ತೆಯ ಕಾಯಿ ಹೊಡೆದ ಸೊಸೆ ನಗು ತಡೆಯುವುದು, ಮೊಮ್ಮಗನ ಕಣ್ಣು ತುಂಬಿದಾಗ ಅಜ್ಜಿ ಕವಡೆಯ ಲೆಕ್ಕವನ್ನು ಬೇಕೆಂದೇ ತಪ್ಪುವುದು, ಸೋತವನು ಮೋಸವೆಂದು ಕೂಗಿ ಎದ್ದು ಹೋಗಿ ಮರುಗಳಿಗೆಗೆ ಬಂದು ಕೂರುವುದು, ಇವೆಲ್ಲ ನಿಯಮದಲ್ಲಿಲ್ಲ, ಆಟದಲ್ಲಿವೆ. ಗೆದ್ದವರು ಹೇಗಿರಬೇಕು, ಸೋತವರೊಡನೆ ಹೇಗೆ ಮಾತಾಡಬೇಕು ಎಂಬುದನ್ನು ಮನುಷ್ಯ ಕಲಿಯುವುದು ಆ ಜಾಗದಲ್ಲಿ. ಬ್ರೌಸರಿನ ಹಾವು ಸತ್ತಾಗ ಅದಕ್ಕೆ ಸಾಕ್ಷಿಯಿಲ್ಲ. ಗುಂಡಿಯನ್ನು ಮತ್ತೆ ಒತ್ತಿದರೆ ಹೊಸ ಹುಟ್ಟು. ಕೊಂದವನಿಗೆ ಕೊಂದ ನೆನಪಿಲ್ಲ, ಸತ್ತವನಿಗೆ ಜಗಳವಾಡಲು ಜನವಿಲ್ಲ. ಇಂಥ ಹಲವು ಆಟಗಳಲ್ಲಿ ಜನ ಸಾಲದಿದ್ದಾಗ ಯಂತ್ರವೇ ನಡೆಸುವ ಆಟಗಾರರನ್ನು ಸೇರಿಸುವುದುಂಟು. ಎದುರಿಗಿರುವುದು ಮನುಷ್ಯನೋ ಯಂತ್ರವೋ ಎಂಬುದು ಆಡುವವನಿಗೆ ತಿಳಿಯದೆ ಹೋದರೆ, ತಿಳಿಯುವ ಅಗತ್ಯವೂ ಬೀಳದಿದ್ದರೆ, ಅದನ್ನು ಜೊತೆಯಾಟವೆಂದು ಕರೆಯುವುದು ಹೇಗೆ?

ಮಹಾನಗರದಲ್ಲಿ ಅಪರಿಚಿತರೊಡನೆ ಬೇರೆ ರೀತಿಯ ಆಟ ಸಾಧ್ಯವೇ ಇಲ್ಲವೆಂದು ಹೇಳುವಂತಿಲ್ಲ. ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಇಸ್ಪೀಟು ಆಡುವ ಗುಂಪುಗಳು, ತಾಳ ಹಿಡಿದು ಹಾಡುವ ಭಜನ ಮಂಡಳಿಗಳು ಹುಟ್ಟಿದ್ದು ಅಪರಿಚಿತರ ನಡುವೆಯೇ. ಒಂದೇ ಹೊತ್ತಿನ ಗಾಡಿ, ಒಂದೇ ಡಬ್ಬಿ, ತೊಡೆಗಳ ಮೇಲೆ ಅಡ್ಡಲಾಗಿ ಇಟ್ಟ ಚೀಲವೇ ಮಣೆ. ಹೆಸರಿಗಿಂತ ಮೊದಲು ಮುಖ ಪರಿಚಯ, ಮುಖದ ನಂತರ ಇಳಿಯುವ ನಿಲ್ದಾಣ, ಆಮೇಲೆ ಮನೆಯ ಸುಖದುಃಖ. ಒಬ್ಬ ನಾಲ್ಕು ದಿನ ಬರದಿದ್ದರೆ ಉಳಿದವರು ವಿಚಾರಿಸುತ್ತಾರೆ. ಹಾವಿನ ಆಟದಲ್ಲಿ ಪರದೆಯ ಬಲಮೂಲೆಯಲ್ಲಿ ಮೊದಲ ಹತ್ತು ಹೆಸರುಗಳು ಬೆಳಗುತ್ತವೆ. ಆ ಪಟ್ಟಿಯಿಂದ ಹೆಸರೊಂದು ಅಳಿದರೆ ಯಾರೂ ವಿಚಾರಿಸುವುದಿಲ್ಲ.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ವಾದವಿದೆ, ಅದನ್ನು ತಳ್ಳಿಹಾಕಲಾರೆ. ಮುಖವಿಲ್ಲದ ಕಡೆ ಜಾತಿಯನ್ನು ಕೇಳುವವರಿಲ್ಲ, ವಯಸ್ಸನ್ನಾಗಲಿ ಭಾಷೆಯನ್ನಾಗಲಿ ಕೇಳುವವರಿಲ್ಲ. ವರ್ಗವಾಗಿ ಹೊಸ ಊರಿಗೆ ಬಂದು, ಮರಾಠಿಯೋ ತಮಿಳೋ ತೆಲುಗೋ ಇನ್ನೂ ನಾಲಿಗೆಗೆ ಹತ್ತದೆ, ಕೆಳಗಿನ ಮೈದಾನದಲ್ಲಿ ಆಡುವ ಹುಡುಗರನ್ನು ಬಾಲ್ಕನಿಯಿಂದ ನೋಡುತ್ತ ನಿಂತ ಕನ್ನಡದ ಮಗುವಿಗೆ ಮಾತಿಲ್ಲದೆ ಪ್ರವೇಶ ಕೊಡುವ ಆಟ ಸಣ್ಣ ಉಪಕಾರವಲ್ಲ. ಚೌಕಾಬಾರದ ಸುತ್ತ ಎಲ್ಲರನ್ನೂ ಸಮನಾಗಿ ಕೂರಿಸಿದ್ದೆವೆಂದು ನಾವು ಹೇಳಿಕೊಳ್ಳುವಂತೆಯೂ ಇಲ್ಲ. ಆದರೆ ಬಾಗಿಲು ತೆರೆಯುವುದು ಒಂದು, ಒಳಗೆ ಕರೆದು ಕೂರಿಸುವುದು ಇನ್ನೊಂದು. ಈ ಆಟ ಮೊದಲನೆಯದನ್ನು ಮಾಡುತ್ತದೆ. ಮೈದಾನಕ್ಕೆ ಇಳಿದು ಅರ್ಧಂಬರ್ಧ ಮರಾಠಿಯಲ್ಲಿ ಜಗಳವಾಡುವ ತನಕ ಆ ಮಗುವಿಗೆ ಊರು ಸಿಕ್ಕುವುದಿಲ್ಲ.

ಆದುದರಿಂದ ಆಟವನ್ನು ನಿಷೇಧಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ನಾವು ಕೊಡಬಹುದಾದದ್ದು ಅದಕ್ಕೆ ಕಳೆದುಹೋದ ಜೊತೆಯನ್ನು. ನಮ್ಮ ಸಂಘಗಳ ರಾಜ್ಯೋತ್ಸವದ ಸಭೆಗಳಲ್ಲಿ ವೇದಿಕೆಯ ಮೇಲೆ ಭಾಷಣ ನಡೆಯುವಾಗ ಹಿಂದಿನ ಸಾಲಿನ ಮಕ್ಕಳು ತಂತಮ್ಮ ಪರದೆಯೊಳಗೆ ಇರುತ್ತಾರೆ. ಅವರು ಕನ್ನಡ ಮರೆಯುತ್ತಿದ್ದಾರೆಂದು ವೇದಿಕೆ ಮರುಗುತ್ತದೆ. ಅವರ ಪಕ್ಕದ ಕುರ್ಚಿಯಲ್ಲಿ ಹಿರಿಯರೊಬ್ಬರು ಕುಳಿತು, 'ಎಡಕ್ಕೆ ತಿರುಗೋ, ಆ ಹಸಿರು ಹಾವು ಸುತ್ತುವರಿಯುತ್ತಿದೆ' ಎಂದು ಹೇಳಲಿ. ಒಂದೇ ಪರದೆಯಲ್ಲಿ ಸರದಿಯ ಮೇಲೆ ಆಡಲಿ. ಸಾಧ್ಯವಾದರೆ ಸಭಾಂಗಣದ ಮೂಲೆಯಲ್ಲಿ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆಗಳ ಚೌಕಾಬಾರವನ್ನು ಬರೆದು ನಾಲ್ಕು ಕವಡೆ ಇಡಲಿ. ಸೋತ ಮಗು ಮೋಸವೆಂದು ಕೂಗುವಾಗ ಅದು ಯಾವ ಭಾಷೆಯಲ್ಲಿ ಕೂಗುತ್ತದೆ ಎಂಬುದನ್ನು ಆಗ ನೋಡೋಣ.