‘ಓಡಿಹೋದಳು’ ಎನ್ನುವ ಮುನ್ನ

ನಮ್ಮ ಬೀದಿಯ ಪಿಯುಸಿ ಹುಡುಗಿಯೊಬ್ಬಳು ಒಂದು ಸಂಜೆ ಕಾಲೇಜಿನಿಂದ ಮನೆಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ‘ಓಡಿಹೋಗಿದ್ದಾಳಂತೆ’ ಎಂದು ತೀರ್ಮಾನಿಸಿಬಿಟ್ಟಿದ್ದರು. ಠಾಣೆಗೆ ಹೋದ ಅಪ್ಪನಿಗೂ ‘ಎರಡು ದಿನ ನೋಡಿ, ಬರ್ತಾಳೆ’ ಎಂಬ ಉತ್ತರವೇ ಸಿಕ್ಕಿತು. ನಿಜ ಹೇಳಬೇಕೆಂದರೆ, ಅದೇ ಮಾತನ್ನು ನಾನೂ ಗೆಳತಿಗೆ ವಾಟ್ಸ್‌ಆ್ಯಪ್ ಮಾಡಿದ್ದೆ.

ಆರನೇ ದಿನ ಅವಳು ಬೇರೆ ಜಿಲ್ಲೆಯ ಮನೆಯೊಂದರಲ್ಲಿ ಸಿಕ್ಕಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಕೊಡಿಸುತ್ತೇನೆಂದು ನಂಬಿಸಿ ಕರೆದೊಯ್ದವನು ಫೋನ್ ಕಿತ್ತುಕೊಂಡು ಮನೆಗೆಲಸಕ್ಕೆ ಹಚ್ಚಿದ್ದ. ಅವಳೇನೋ ವಾಪಸ್ ಬಂದಳು. ಆದರೆ ‘ಓಡಿಹೋದವಳು’ ಎಂಬ ಹೆಸರು ಹೋಗಲಿಲ್ಲ. ಆ ಹೆಸರಿನ ಜೊತೆ ತರಗತಿಯಲ್ಲಿ ಕೂರಲಾಗದೆ ಅವಳು ಕಾಲೇಜು ಬಿಟ್ಟಳು.

ಅಂದಿನಿಂದ ಈ ಪದಗಳ ಬಗ್ಗೆ ಯೋಚಿಸುತ್ತಲೇ ಇದ್ದೇನೆ. ‘ಕಾಣೆಯಾದಳು’, ‘ನಾಪತ್ತೆಯಾದಳು’ ಎಂದಾಗ ತಪ್ಪು ಮಾಡಿದವರು ಯಾರೂ ಇಲ್ಲ, ಅದು ತಾನಾಗಿ ನಡೆದಂತೆ ಕೇಳಿಸುತ್ತದೆ. ‘ಓಡಿಹೋದಳು’ ಎಂದರೆ ತಪ್ಪೆಲ್ಲ ಹೋದವಳದೇ. ‘ಅಪಹರಣ’ ಎಂದಾಗ ಮಾತ್ರ ‘ಹಾಗಾದರೆ ಕರೆದೊಯ್ದವನು ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಘಟನೆ ಒಂದೇ ಆದರೂ ನಾವು ಆರಿಸಿಕೊಳ್ಳುವ ಪದದ ಪ್ರಕಾರ ಹುಡುಕಾಟ ಶುರುವಾಗುತ್ತದೆ ಇಲ್ಲವೇ ನಿಂತುಹೋಗುತ್ತದೆ.

ನಮ್ಮ ಪುರಾಣದ ಕಥೆಗಳಲ್ಲೂ ಈ ವ್ಯತ್ಯಾಸವಿದೆ. ರುಕ್ಮಿಣೀಹರಣ, ಸೀತಾಪಹರಣ ಎರಡರಲ್ಲೂ ‘ಹರಣ’ ಇದೆ. ಆದರೆ ರುಕ್ಮಿಣಿ ತಾನೇ ಕೃಷ್ಣನಿಗೆ ಹೇಳಿಕಳುಹಿಸಿ ಕರೆಸಿಕೊಂಡವಳು. ಸೀತೆಯ ಮುಂದೆ ನಿಂತವನು ಸನ್ಯಾಸಿಯ ವೇಷ ಹಾಕಿದ ರಾವಣ. ಒಂದರಲ್ಲಿ ಒಪ್ಪಿಗೆ, ಇನ್ನೊಂದರಲ್ಲಿ ಮೋಸ ಮತ್ತು ಬಲವಂತ. ಪದ ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

‘ಒತ್ತೆಯಾಳು’ ಎಂಬುದು ಇನ್ನೊಂದು ಪದ. ಒಡವೆಯನ್ನು ಒತ್ತೆ ಇಟ್ಟು ಸಾಲ ತರುವುದು ನಮ್ಮ ಮನೆಗಳಿಗೆ ಹೊಸದಲ್ಲ. ಆ ಒಡವೆಯ ಜಾಗದಲ್ಲಿ ಮನುಷ್ಯನನ್ನು ಇಟ್ಟರೆ ಅವನು ಒತ್ತೆಯಾಳು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದಾಗ ಆದದ್ದು ಅದೇ. ಬಿಡುಗಡೆಗೆ ಬೇಡಿಕೆಗಳ ಪಟ್ಟಿ ಬಂತು, ನಾಡಿಗೆ ನಾಡೇ 108 ದಿನ ಕಾಯಿತು. ನಮ್ಮ ಪೀಳಿಗೆ ಇದನ್ನು ಅಪ್ಪ ಅಮ್ಮನ ಬಾಯಲ್ಲಿ ಕೇಳಿದ್ದಷ್ಟೇ.

ಕಾನೂನು ಕೂಡ ಪದಗಳನ್ನು ಅಳೆದು ಬಳಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 137ರ ಪ್ರಕಾರ 18 ವರ್ಷದೊಳಗಿನವರನ್ನು ಪೋಷಕರ ಒಪ್ಪಿಗೆಯಿಲ್ಲದೆ ಕರೆದೊಯ್ದರೆ ಅಥವಾ ಪುಸಲಾಯಿಸಿ ಒಯ್ದರೆ ಅದು ಕಿಡ್ನ್ಯಾಪಿಂಗ್. ‘ಅವಳೇ ಒಪ್ಪಿ ಬಂದಳು’ ಎಂದು ಹೇಳಿ ಪುಸಲಾಯಿಸಿದವನು ಪಾರಾಗುವಂತಿಲ್ಲ. ಸೆಕ್ಷನ್ 138 ಹೇಳುವ ಅಬ್ಡಕ್ಷನ್‌ಗೆ ವಯಸ್ಸಿನ ಮಿತಿಯಿಲ್ಲ. ಬಲವಂತದಿಂದಾಗಲಿ, ಮೋಸದಿಂದಾಗಲಿ ಯಾರನ್ನೇ ಒಂದು ಜಾಗದಿಂದ ಹೊರಡಿಸಿದರೂ ಅದು ಅನ್ವಯಿಸುತ್ತದೆ. ಏತಕ್ಕಾಗಿ ಒಯ್ದರು ಎಂಬುದರ ಮೇಲೆ ಶಿಕ್ಷೆ ನಿಲ್ಲುತ್ತದೆ. ಪತ್ರಿಕೆಯಲ್ಲಿ ನಾವು ಓದುವಾಗ ಇವೆರಡೂ ‘ಅಪಹರಣ’ವೇ.

ಕೆಲಸ ಹುಡುಕುತ್ತಿರುವ ನಾವು ಈ ‘ಮೋಸದಿಂದ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಬೇಕು. ಕಿಡ್ನ್ಯಾಪ್ ಎಂದರೆ ಸಿನಿಮಾದ ವ್ಯಾನು, ಬಾಯಿಗೆ ಕಟ್ಟಿದ ಬಟ್ಟೆ ಎಂದೇ ನಮ್ಮ ಕಲ್ಪನೆ. ಆದರೆ ಡೇಟಾ ಎಂಟ್ರಿ ಕೆಲಸ, ಕೈತುಂಬ ಸಂಬಳ ಎಂದು ನಂಬಿ ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಹೋದ ಭಾರತದ ಯುವಕರು ತಾವೇ ಬ್ಯಾಗ್ ಹಿಡಿದು ವಿಮಾನ ಹತ್ತಿದವರು. ಅಲ್ಲಿ ಅವರನ್ನು ಕೂಡಿಹಾಕಿ ಸೈಬರ್ ವಂಚನೆಗೆ ದುಡಿಸಿಕೊಳ್ಳಲಾಯಿತು. ವಿದೇಶದ ಕೆಲಸದ ಆಫರ್ ಬಂದರೆ, ಕಳಿಸುವ ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ–ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಬಹುದು. ಐದು ನಿಮಿಷದ ಕೆಲಸ ಅಷ್ಟೆ.

ಹಾಗೆಂದು ಎಲ್ಲದಕ್ಕೂ ‘ಅಪಹರಣ’ ಎನ್ನುವುದೂ ತಪ್ಪು. ವಯಸ್ಸಿಗೆ ಬಂದ ಮಗಳು ಮೆಚ್ಚಿದವನನ್ನು ಮದುವೆಯಾದರೆ, ಅವನ ಮೇಲೆ ಅಪಹರಣದ ದೂರು ಕೊಡುವ ಮನೆಗಳಿವೆ. ಅಲ್ಲಿ ಆ ಪದ ಅವಳ ಒಪ್ಪಿಗೆಯನ್ನೇ ಅಳಿಸಿಹಾಕುತ್ತದೆ. ವಯಸ್ಕರು ಸಂಗಾತಿಯನ್ನು ಆರಿಸಿಕೊಳ್ಳುವುದು ಅವರ ಹಕ್ಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಮಕ್ಕಳ ವಿಷಯದಲ್ಲಿ ಅದೇ ಕೋರ್ಟ್ 2013ರಲ್ಲಿ ಹೇಳಿದ್ದು ಬೇರೆ. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು, ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಭಾವಿಸಿ ತನಿಖೆ ಆರಂಭಿಸಬೇಕು. 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112. ಆ ಹುಡುಗಿಗೆ ಆಗ 17 ವರ್ಷ. ಇದಿಷ್ಟು ನಮ್ಮ ಬೀದಿಯಲ್ಲಿ ಒಬ್ಬರಿಗಾದರೂ ಗೊತ್ತಿದ್ದಿದ್ದರೆ ಅವಳ ಅಪ್ಪ ಎರಡು ದಿನ ಕಾಯುತ್ತಿರಲಿಲ್ಲ.

ಮುಂದಿನ ಸಲ ಯಾರೋ ಮನೆಗೆ ಬರಲಿಲ್ಲ ಎಂಬ ಸುದ್ದಿ ನಿಮ್ಮ ಗ್ರೂಪಿಗೆ ಬಂದಾಗ ‘ಓಡಿಹೋದ್ಲು’ ಎಂದು ಟೈಪ್ ಮಾಡಬೇಡಿ. ‘ದೂರು ಕೊಟ್ರಾ?’ ಎಂದು ಕೇಳಿ. ನಾನು ಅಂದು ಕೇಳಬೇಕಿದ್ದದ್ದು ಅದನ್ನೇ.