ಮೂಲವ್ಯಾಧಿ: ನಾಚಿಕೆಗೆ ತೆರುವ ದಂಡ

‘ಆಪರೇಷನ್ ಇಲ್ಲದೆ ಪೈಲ್ಸ್ ಗುಣ, ಗ್ಯಾರಂಟಿ’ ಎಂಬ ಚೀಟಿ ಅಂಟಿಸದ ಬಸ್ ನಿಲ್ದಾಣ ನಮ್ಮಲ್ಲಿ ಅಪರೂಪ. ಈ ವ್ಯಾಪಾರಕ್ಕೆ ನಮ್ಮ ನಾಚಿಕೆಯೇ ಬಂಡವಾಳ. ಮನೆಯವರಿಗೂ ಹೇಳಿಕೊಳ್ಳಲಾಗದ ಕಾಯಿಲೆಯಾದ್ದರಿಂದ ಓದಿದವರೂ ಚೀಟಿಯಲ್ಲಿ ಹೇಳಿದ ಪರದೆ ಎಳೆದ ಕೋಣೆಗೆ ಹೋಗುತ್ತಾರೆ. ಅಲ್ಲಿ ಅರಿಯದವರು ಸುಡುವ ಔಷಧಿ ಹಚ್ಚಿದರೆ ಹುಣ್ಣಾಗಿ, ಮಾಯುವಾಗ ಗುದದ್ವಾರವೇ ಕಿರಿದಾಗಬಹುದು. ಹೊರ ಮೂಲವ್ಯಾಧಿಯ ವಿಷಯದಲ್ಲಂತೂ ಈ ಮುಚ್ಚುಮರೆ ಇನ್ನೂ ದುಬಾರಿ. ಗುದದ್ವಾರದ ಅಂಚಿನ ಚರ್ಮದಡಿಯ ರಕ್ತನಾಳ ಉಬ್ಬಿದಾಗ ಮೊದಮೊದಲು ತುರಿಕೆ, ತೊಳೆಯುವಾಗ ಕೈಗೆ ಸಿಗುವ ಮೆತ್ತನೆಯ ಗಂಟು, ಅಷ್ಟೇ. ಅದರೊಳಗೆ ರಕ್ತ ಹೆಪ್ಪುಗಟ್ಟಿತೋ, ದ್ರಾಕ್ಷಿಯಂಥ ನೀಲಿ ಗಂಟೆದ್ದು ಕೂರಲೂ ಆಗದಂತೆ ನೋಯುತ್ತದೆ. ಒಳ ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಇಷ್ಟು ನೋವಿರದು, ಆದರೆ ಹೊರಚರ್ಮದ ತುಂಬ ನೋವಿನ ನರಗಳಿವೆ. ನೋವು ಶುರುವಾದ 72 ಗಂಟೆಯೊಳಗೆ ಬಂದವರಿಗೆ ವೈದ್ಯರು ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಗಂಟನ್ನು ತೆಗೆದುಹಾಕಬಲ್ಲರು. ಆಮೇಲೆ ನೋವು ತಾನಾಗಿ ಇಳಿಯತೊಡಗುವುದರಿಂದ ಕೊಯ್ದರೂ ಹೆಚ್ಚಿನ ಲಾಭವಿಲ್ಲ. ಹೇಳಲೋ ಬೇಡವೋ ಎಂದು ನಾಲ್ಕು ದಿನ ಹಲ್ಲು ಕಚ್ಚಿದವರು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ತಾನಾಗಿ ಕರಗುವ ಗಂಟಿಗೆ ಡಾಕ್ಟರೇಕೆ ಎಂದು ಕೇಳಬಹುದು. ಬಹುಪಾಲು ಗಂಟುಗಳು ಕೆಲವು ವಾರಗಳಲ್ಲಿ ಕರಗುವುದು ನಿಜ. ದಿನಕ್ಕೆರಡು ಮೂರು ಸಲ ಬೋಗುಣಿಯ ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು–ಹದಿನೈದು ನಿಮಿಷ ಕೂರುವುದು, ಇಸಬ್‌ಗೋಲ್, ಧಾರಾಳ ನೀರು, ಮಲವಿಸರ್ಜನೆಗೆ ತಿಣುಕದಿರುವುದು, ಮೊಬೈಲ್ ಹಿಡಿದು ಶೌಚಾಲಯದಲ್ಲಿ ಕೂರದಿರುವುದು, ಇವೇ ಮುಖ್ಯ ಚಿಕಿತ್ಸೆ. ಮಲ ಮೆತ್ತಗಿರಲು ಊಟದಲ್ಲಿ ನಾರೂ ಬೇಕು: ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ–ಸೊಪ್ಪಿನ ಸಾರು ಬಿಟ್ಟವರು ಇದನ್ನು ಗಮನಿಸಬೇಕು. ಆದರೆ ಆ ಗಂಟು ಮೂಲವ್ಯಾಧಿಯದೇ ಎಂದು ತೀರ್ಮಾನಿಸಿದವರು ಯಾರು? ಗುದದ ಬಿರುಕು, ಕೀವುಗಟ್ಟಿದ ಕುರು, ಕರುಳಿನ ಕ್ಯಾನ್ಸರ್ ಕೂಡ ಹೀಗೇ ತೋರಬಹುದು. ಹೊರ ಮೂಲವ್ಯಾಧಿಯಲ್ಲಿ ಗಂಟು ಒಡೆಯದೆ ರಕ್ತ ಬರುವುದು ಕಡಿಮೆ. ಹಾಗಾಗಿ ರಕ್ತ ಕಂಡರೆ, ಜ್ವರ ಬಂದರೆ ಮುಲಾಮು ಹಚ್ಚಿ ಕಾಯುವಂತಿಲ್ಲ.

ಆಸ್ಪತ್ರೆಗೆ ಹೋದರೆ ಕೊಯ್ದೇಬಿಡುತ್ತಾರೆ ಎಂಬ ಭಯಕ್ಕೂ ಕಾರಣವಿಲ್ಲದಿಲ್ಲ. ಆದರೆ ಹೊರ ಮೂಲವ್ಯಾಧಿಯ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕುವ ವಿಧಾನ ಒಳ ಮೂಲವ್ಯಾಧಿಗೆ ಮಾತ್ರ. ಹೊರಗಿನದಕ್ಕೂ ಅದನ್ನೇ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳುವುದು ಲೇಸು. ಹೆಂಗಸರ ಸಂಕೋಚವನ್ನಂತೂ ಅವರ ತಪ್ಪೆಂದು ಎಣಿಸುವುದು ಅನ್ಯಾಯ. ಗರ್ಭಿಣಿಯರಲ್ಲೂ ಬಾಣಂತಿಯರಲ್ಲೂ ಮೂಲವ್ಯಾಧಿ ಸಾಮಾನ್ಯ. ಹೆರಿಗೆಯ ನಂತರದ ತಪಾಸಣೆಯಲ್ಲಿ ನರ್ಸ್ ತಾನಾಗಿಯೇ ಇದರ ಬಗ್ಗೆ ಕೇಳಬೇಕು, ನೋಡಲು ಒಂದು ಬಾಗಿಲು ಮುಚ್ಚುವ ಕೋಣೆ ಇರಬೇಕು.