ಮಕ್ಕಳ ಗೀಳು ಕಾಯಿಲೆ: ಶಾಲೆಗೆ ಕೌನ್ಸೆಲರ್ ಬಂದರೆ ಸಾಲದು, ಮನೆಯೂ ಬದಲಾಗಬೇಕು



2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಕೊಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗ್‌ಗೆ ಹೋಗುತ್ತಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಇದು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಅಥವಾ ಮನಶ್ಶಾಸ್ತ್ರಜ್ಞರಾದರೂ ಇರಬೇಕು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಸಹಾಯವಾಣಿ ಸಂಖ್ಯೆಗಳನ್ನು ಹಾಸ್ಟೆಲ್‌ನಲ್ಲಿ, ತರಗತಿಯಲ್ಲಿ ಕಾಣುವಂತೆ ಹಾಕಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಕೊಡಬೇಕು. ಸರ್ಕಾರ ಕಾನೂನು ಮಾಡುವ ತನಕ ಇದೇ ಕಡ್ಡಾಯ.

ಈ ಸುದ್ದಿ ನಮ್ಮ ಸಮಾಜಕ್ಕೆ ಹತ್ತಿರದ್ದು. ಬೆಳಗಾವಿ, ಧಾರವಾಡ, ಹಾಸನ, ಶಿವಮೊಗ್ಗ ಕಡೆಯ ನಮ್ಮ ಮಕ್ಕಳು ಪಿಯುಸಿಗೆಂದು ಮಂಗಳೂರು, ಮೂಡುಬಿದಿರೆಯ ಹಾಸ್ಟೆಲ್‌ಗಳಿಗೆ ಬರುತ್ತಾರೆ. ನಮ್ಮ ಟ್ರಸ್ಟುಗಳೇ ನಡೆಸುವ ಶಾಲೆಗಳು, ವಿದ್ಯಾರ್ಥಿ ನಿಲಯಗಳೂ ಇವೆ. ತೀರ್ಪು ಒಳ್ಳೆಯದೇ. ಆದರೆ ಮಕ್ಕಳ ಆತಂಕ ಮತ್ತು ಒಸಿಡಿ ಎಂಬ ಗೀಳು ಕಾಯಿಲೆಯ ವಿಷಯದಲ್ಲಿ ಇದು ಅರ್ಧ ದಾರಿ ಮಾತ್ರ. ಉಳಿದರ್ಧ ನಮ್ಮ ಮನೆಯೊಳಗೆ ಉಂಟು. ಇದನ್ನು ಓದಿ ಕಲಿತದ್ದಲ್ಲ, ಅನುಭವಿಸಿ ಕಲಿತದ್ದು.

ನಮ್ಮ ಮನೆಯಲ್ಲಿ ನಡೆದದ್ದು

ನನ್ನದು ಬಂದರಿನಲ್ಲಿ ದಿನಸಿ ವ್ಯಾಪಾರ. ಮೊಮ್ಮಗ ಐದನೇ ತರಗತಿಯಲ್ಲಿದ್ದಾಗ ಕೈ ತೊಳೆಯುವುದು ಹೆಚ್ಚಾಯಿತು. ಮೊದಲು ಬಸದಿಗೆ ಹೋಗುವ ಮುಂಚೆ, ಆಮೇಲೆ ಪುಸ್ತಕ ಮುಟ್ಟಿದರೆ, ಕೊನೆಗೆ ಸುಮ್ಮನೆ ಕುಳಿತಿದ್ದರೂ. ನಡೆಯುವಾಗ ನಿಂತು ನಿಂತು ಹಿಂದೆ ನೋಡುತ್ತಿದ್ದ. "ಅಜ್ಜ, ನಾನು ಇರುವೆ ಮೆಟ್ಟಿದೆನಾ?" ಎಂದು ಕೇಳುತ್ತಿದ್ದ. "ಇಲ್ಲ ಮಗಾ" ಎಂದರೆ ಎರಡು ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ. ಣಮೋಕಾರ ಮಂತ್ರ ಹೇಳುವಾಗ ನಡುವೆ ಏನಾದರೂ ಕೆಟ್ಟ ಯೋಚನೆ ಬಂದರೆ ಮೊದಲಿನಿಂದ ಶುರು.

ನಾವು ಮಾಡಿದ್ದೇನು? ಹೆಮ್ಮೆಪಟ್ಟೆವು. ಈ ವಯಸ್ಸಿಗೇ ಎಷ್ಟು ಶ್ರದ್ಧೆ ಎಂದು ಬಂದವರಿಗೆಲ್ಲ ಹೇಳಿದೆವು. ನಾನು ಅಂಗಡಿಯಿಂದ ಸಾಬೂನಿನ ಪೆಟ್ಟಿಗೆಯನ್ನೇ ಮನೆಗೆ ಕಳುಹಿಸುತ್ತಿದ್ದೆ. ಶಾಲೆಯಲ್ಲೂ ಅಚ್ಚುಕಟ್ಟಿನ ಹುಡುಗ ಎಂದು ಹೊಗಳಿದರು. ಕಣ್ಣು ತೆರೆದದ್ದು ಊಟದ ವಿಷಯದಲ್ಲಿ. ನಮ್ಮಲ್ಲಿ ಸೂರ್ಯಾಸ್ತದ ಮೊದಲೇ ಊಟ. ಅವನು ಸಂಜೆ ಐದಕ್ಕೆ ಕೈ ತೊಳೆಯಲು ಹೋದರೆ ಹೊತ್ತು ಮುಳುಗಿದ ಮೇಲೆ ಹೊರಗೆ ಬರುತ್ತಿದ್ದ. ಹೊತ್ತು ಮೀರಿತೆಂದು ಊಟ ಬಿಡುತ್ತಿದ್ದ. ವಾರದಲ್ಲಿ ನಾಲ್ಕು ದಿನ ಹೀಗಾಗಿ ಮಗು ಸೊರಗಿತು. ಅಂಗೈಯ ಚರ್ಮ ಒಡೆದು ರಕ್ತ ಬರುತ್ತಿತ್ತು. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ನಗರದ ಮನೋವೈದ್ಯರೊಬ್ಬರು ನೋಡಿ ಒಸಿಡಿ ಎಂದರು. ಜೊತೆಗಿದ್ದ ಮನಶ್ಶಾಸ್ತ್ರಜ್ಞೆ ಮೊದಲ ಪ್ರಶ್ನೆಯನ್ನು ಕೇಳಿದ್ದು ಮಗುವಿಗಲ್ಲ, ನಮಗೆ. "ದಿನಕ್ಕೆ ಎಷ್ಟು ಸಲ ಉತ್ತರ ಕೊಡುತ್ತೀರಿ?" ಸೊಸೆ ಒಂದು ಸಂಜೆ ಎಣಿಸಿದಳು. ನಲವತ್ತು ದಾಟಿತ್ತು.

ಪರೀಕ್ಷಿಸಿ ನೋಡಿದ ಚಿಕಿತ್ಸೆ

ಈ ಕಾಯಿಲೆಗೆ ಇರುವ ಚಿಕಿತ್ಸೆಯ ಹೆಸರು ಸಿಬಿಟಿ. ಅದರೊಳಗೆ ಒಸಿಡಿಗೆ ಮುಖ್ಯವಾದದ್ದು ಇಆರ್‌ಪಿ ಎಂಬ ಭಾಗ. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬವರು ಇದರ ದಾರಿ ತೋರಿಸಿದರು. ಮಗು ಭಯಪಡುವ ವಿಷಯವನ್ನು ಸುಲಭದಿಂದ ಕಷ್ಟದ ಕಡೆಗೆ ಮೆಟ್ಟಿಲುಗಳಂತೆ ಬರೆದುಕೊಳ್ಳುತ್ತಾರೆ. ಮೊದಲ ಮೆಟ್ಟಿಲು, ಪುಸ್ತಕ ಮುಟ್ಟಿ ಐದು ನಿಮಿಷ ಕೈ ತೊಳೆಯದೆ ಇರುವುದು. ಭಯ ಏರುತ್ತದೆ, ತೊಳೆಯದಿದ್ದರೂ ತಡೆದುಕೊಳ್ಳಬಹುದು ಎಂದು ಮಗುವಿಗೆ ತಿಳಿಯುತ್ತದೆ, ಹೊತ್ತು ಹೋದಂತೆ ಭಯ ಇಳಿಯುತ್ತದೆ. ಆಮೇಲೆ ಮುಂದಿನ ಮೆಟ್ಟಿಲು. ಬೈಗುಳವಿಲ್ಲ, ಬಲವಂತವಿಲ್ಲ.

ಇದು ಬರೀ ಮಾತಿನ ಸಮಾಧಾನವಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಒಸಿಡಿ ಇದ್ದ 7ರಿಂದ 17 ವರ್ಷದ 112 ಮಕ್ಕಳಿಗೆ 12 ವಾರ ಚಿಕಿತ್ಸೆ ಕೊಟ್ಟು ನೋಡಿದರು. ಸಿಬಿಟಿ ಮತ್ತು ಸರ್ಟ್ರಲಿನ್ ಮಾತ್ರೆ ಎರಡೂ ಸಿಕ್ಕವರಲ್ಲಿ ಶೇ. 53.6, ಸಿಬಿಟಿ ಮಾತ್ರ ಸಿಕ್ಕವರಲ್ಲಿ ಶೇ. 39.3, ಮಾತ್ರೆ ಮಾತ್ರ ಸಿಕ್ಕವರಲ್ಲಿ ಶೇ. 21.4 ಮಕ್ಕಳಿಗೆ ಕಾಯಿಲೆ ಬಹುತೇಕ ಇಳಿಯಿತು. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಅದು ಶೇ. 3.6 ಮಾತ್ರ. ಆತಂಕದ ಕಾಯಿಲೆಗಳಿದ್ದ 488 ಮಕ್ಕಳ ಮೇಲೆ 2008ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲೂ ಎರಡೂ ಸೇರಿದ ಚಿಕಿತ್ಸೆಯೇ ಮೇಲಾಯಿತು. ಅದು ಸಿಕ್ಕವರಲ್ಲಿ ಸುಮಾರು ಶೇ. 81 ಮಕ್ಕಳು ಚೆನ್ನಾಗಿ ಸುಧಾರಿಸಿದರು.

ವ್ಯಾಪಾರಿಯಾಗಿ ನಾನು ಈ ಲೆಕ್ಕದಲ್ಲಿ ಎರಡು ಮಾತು ನೋಡುತ್ತೇನೆ. ತಾನಾಗಿ ಹೋಗುತ್ತದೆ ಎಂದು ಕಾಯುವುದು ನಷ್ಟದ ವ್ಯವಹಾರ. ಹಾಗೆಯೇ, ನೂರಕ್ಕೆ ನೂರು ಗುಣ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ನಮ್ಮ ರಾಜ್ಯದಲ್ಲೇ ಇದರ ಪರಿಣತಿ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. 2017ರಲ್ಲಿ ಭಾರತೀಯ ಮನೋವೈದ್ಯರ ಸಂಘ ಪ್ರಕಟಿಸಿದ ಒಸಿಡಿ ಮಾರ್ಗಸೂಚಿಯನ್ನು ಬರೆದವರು ಅಲ್ಲಿಯ ಡಾ. ವೈ.ಸಿ. ಜನಾರ್ದನ ರೆಡ್ಡಿ ಮತ್ತು ಸಂಗಡಿಗರು. ಮಂಗಳೂರಿನ ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಆದರೂ ಜನ ಹೋಗುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3 ಮಕ್ಕಳಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು. ಹೆಚ್ಚಿನ ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂಬುದೂ ಅದೇ ಸಮೀಕ್ಷೆಯ ಮಾತು.

ಪ್ರೀತಿಯೇ ಗೀಳಿಗೆ ಗೊಬ್ಬರವಾದಾಗ

ನಾವು ಕೊಟ್ಟ ಪ್ರತಿ ಉತ್ತರ, ತಂದ ಪ್ರತಿ ಸಾಬೂನು ಮಗುವಿನ ಭಯವನ್ನು ಆ ಕ್ಷಣಕ್ಕೆ ಇಳಿಸಿತು, ಮರುದಿನಕ್ಕೆ ಬೆಳೆಸಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೋವಿಟ್ಜ್ ಇದನ್ನೇ ಹಿಡಿದು ತಂದೆತಾಯಿಗೆ ಮಾತ್ರ ತರಬೇತಿ ಕೊಡುವ ಒಂದು ಚಿಕಿತ್ಸೆ ಮಾಡಿದರು. ಆತಂಕದ ಕಾಯಿಲೆ ಇದ್ದ 124 ಮಕ್ಕಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ತಂದೆತಾಯಿ ಮಾತ್ರ ತರಬೇತಿ ಪಡೆದರೂ, ಮಕ್ಕಳೇ ಸಿಬಿಟಿ ಪಡೆದಷ್ಟೇ ಗುಣ ಕಂಡಿತು.

ನಮಗೂ ಅಂಥದ್ದೇ ಪಾಠವಾಯಿತು. ಪ್ರಶ್ನೆ ಬಂದಾಗ "ನಿನಗೆ ಕಷ್ಟ ಆಗ್ತಾ ಉಂಟು, ಗೊತ್ತು ಮಗಾ. ತಡೆದುಕೊಳ್ಳುವ ಶಕ್ತಿ ನಿನಗುಂಟು" ಎಂದಷ್ಟೇ ಹೇಳಬೇಕು. ಉತ್ತರ ಕೊಡಬಾರದು, ಬೈಯಲೂ ಬಾರದು. ಮನೆಯ ಎಲ್ಲರೂ ಒಂದೇ ರೀತಿ ಇರಬೇಕು. ಮೊದಲ ವಾರ ಅವನು ಅತ್ತ, ಕಿರುಚಿದ. ಅವನ ಅಜ್ಜಿ ಗುಟ್ಟಾಗಿ ಉತ್ತರ ಕೊಟ್ಟು ಸಿಕ್ಕಿಬಿದ್ದಳು. ನಾನೂ ಎರಡು ಸಲ ಸೋತೆ. ಎರಡು ತಿಂಗಳಲ್ಲಿ ಪ್ರಶ್ನೆ ಹತ್ತಕ್ಕೆ ಇಳಿಯಿತು.

ಧರ್ಮಕ್ಕೆ ಕುಂದಿಲ್ಲ

ಚಿಕಿತ್ಸೆಯ ಹೆಸರಿನಲ್ಲಿ ಮಗುವಿನ ಸಂಸ್ಕಾರ ಕೆಡಿಸುತ್ತಾರೆ ಎಂಬ ಹೆದರಿಕೆ ನಮ್ಮ ಹಲವು ಮನೆಗಳಲ್ಲಿದೆ. ನನಗೂ ಇತ್ತು. ಇರುವೆ ಮೆಟ್ಟು ಎಂದು ಯಾರೂ ಹೇಳಲಿಲ್ಲ. ಸಾಮಾನ್ಯ ಶ್ರಾವಕನೊಬ್ಬ ಎಷ್ಟು ನೋಡಿ ನಡೆಯುತ್ತಾನೋ ಅಷ್ಟು ನೋಡು, ಮಂತ್ರ ಒಮ್ಮೆ ಹೇಳು, ಕೈ ಒಮ್ಮೆ ತೊಳೆ ಎಂದರು. ಗೃಹಸ್ಥ ಬಿಡಬೇಕಾದದ್ದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನಿಂದ ಪೂರ್ತಿ ಬಿಡಲಾಗದು ಎಂದು ನಮ್ಮ ಶಾಸ್ತ್ರಗಳೇ ತಿಳಿಸಿವೆ. ಎಚ್ಚರದಿಂದ ನಡೆಯುವುದು ಧರ್ಮ, ನಡೆಯಲಾಗದಂತೆ ಹೆದರುವುದು ಕಾಯಿಲೆ. ಇದು ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಕ್ರೈಸ್ತರಲ್ಲಿ ಮತ್ತೆ ಮತ್ತೆ ಪಾಪನಿವೇದನೆ, ಮುಸ್ಲಿಮರಲ್ಲಿ ನಮಾಜಿಗೆ ಮುಂಚಿನ ಅಂಗಶುದ್ಧಿಯನ್ನು ಮತ್ತೆ ಮತ್ತೆ ಮಾಡುವುದು, ಹೀಗೆ ಗೀಳು ಆಯಾ ಮನೆಯ ವೇಷ ತೊಡುತ್ತದೆ.

ಈಗ ಮಾಡಬೇಕಾದದ್ದು

ಹಾಸ್ಟೆಲ್‌ಗೆ ಮಕ್ಕಳನ್ನು ಸೇರಿಸುವಾಗ ಕೌನ್ಸೆಲರ್ ಇದ್ದಾರೆಯೇ ಎಂದು ಕೇಳಿ. ಕಾಯಿಲೆ ಗುರುತಿಸಿದರೆ ಮುಂದೆ ಯಾರ ಬಳಿ ಕಳುಹಿಸುತ್ತಾರೆ ಎಂದೂ ಕೇಳಿ. ಗುರುತಿಸುವುದು ಕೌನ್ಸೆಲರ್ ಕೆಲಸ. ಚಿಕಿತ್ಸೆಗೆ ಮನೋವೈದ್ಯರು ಬೇಕು, ಇಲ್ಲವೇ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಅವರಲ್ಲಿ ನೇರವಾಗಿ ಕೇಳಿ: ಮಕ್ಕಳಿಗೆ ಇಆರ್‌ಪಿ ಮಾಡುತ್ತೀರಾ? ಮನೆಯವರಿಗೂ ಕಲಿಸುತ್ತೀರಾ? ಮಾತ್ರೆ ಕೊಟ್ಟರೆ ಹೆದರಬೇಡಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ಸ್ಥಾನ ಸಿಗಬೇಕು. ನಿಮ್ಮ ಪಾಲಿಸಿಯನ್ನು ಒಮ್ಮೆ ತೆಗೆದು ಓದಿ.

ಬಸದಿ ಸಮಿತಿಗಳಿಗೆ, ಟ್ರಸ್ಟುಗಳಿಗೆ ನನ್ನ ವಿನಂತಿ ಒಂದೇ. ನಾವು ಕಣ್ಣು ಪರೀಕ್ಷೆ, ಸಕ್ಕರೆ ಪರೀಕ್ಷೆಯ ಶಿಬಿರ ಮಾಡುತ್ತೇವೆ. ಈ ವರ್ಷ ದಶಲಕ್ಷಣ ಪರ್ವದ ಒಂದು ಮಧ್ಯಾಹ್ನ ಮಕ್ಕಳ ಮನೋವೈದ್ಯರನ್ನು ಕರೆಸಿ ಹೆತ್ತವರೊಂದಿಗೆ ಮಾತಾಡಿಸೋಣ.

ಮೊಮ್ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಪರೀಕ್ಷೆ ಹತ್ತಿರ ಬಂದರೆ ಗೀಳು ಮತ್ತೆ ತಲೆ ಎತ್ತುತ್ತದೆ. ಮೆಟ್ಟಿಲುಗಳ ಹಳೆಯ ಪುಸ್ತಕ ತೆಗೆದು ಅವನೇ ಅಭ್ಯಾಸ ಶುರು ಮಾಡುತ್ತಾನೆ. ಸಂಜೆ ಹೊತ್ತು ಮುಳುಗುವ ಮೊದಲು ನಮ್ಮ ಜೊತೆ ಊಟಕ್ಕೆ ಕೂರುತ್ತಾನೆ.